ಮೂಗಿನ ಗಾಲಿ ಮುರಿಯುವ ಮುನ್ನ

ವಿದ್ಯಾರ್ಥಿ ಪೈಲಟ್‌ಗಳ ಲ್ಯಾಂಡಿಂಗ್ ಅಪಘಾತದ ತನಿಖಾ ವರದಿಗಳನ್ನು ಸಾಲಾಗಿ ಹತ್ತು ಓದಿದವರು ಹನ್ನೊಂದನೆಯದನ್ನು ಓದದೆಯೇ ಬರೆದುಬಿಡಬಹುದು. ಹಗಲು ಹೊತ್ತು, ತಿಳಿಯಾದ ಹವೆ, ಗಾಳಿ ಹೇಳಿಕೊಳ್ಳುವಷ್ಟೇನೂ ಇಲ್ಲ. ಇನ್‌ಸ್ಟ್ರಕ್ಟರ್ ಇಲ್ಲದ ಸೋಲೋ ಹಾರಾಟ. ವಿಮಾನ ರನ್‌ವೇ ಮುಟ್ಟಿ ಪುಟಿಯಿತು, ಮತ್ತೆ ಮುಟ್ಟಿ ಇನ್ನೂ ಎತ್ತರಕ್ಕೆ ಪುಟಿಯಿತು, ಮೂರನೆಯ ಸಲ ಮೂಗಿನ ಗಾಲಿಯ ಮೇಲೆ ಬಿತ್ತು. ಗಾಲಿ ಮುರಿಯಿತು, ಪ್ರೊಪೆಲ್ಲರ್ ನೆಲಕ್ಕೆ ಬಡಿಯಿತು, ವಿಮಾನ ಜಾರಿಕೊಂಡು ಪಕ್ಕದ ಹುಲ್ಲಿಗಿಳಿದು ನಿಂತಿತು. ಪೈಲಟ್‌ಗೆ ಗಾಯವಿಲ್ಲ, ವಿಮಾನಕ್ಕೆ ಗಣನೀಯ ಹಾನಿ. ಕಾರಣದ ಜಾಗದಲ್ಲಿ ಒಂದೇ ಸಾಲು: ಪುಟಿದ ಲ್ಯಾಂಡಿಂಗ್‌ನಿಂದ ವಿದ್ಯಾರ್ಥಿ ಸರಿಯಾಗಿ ಚೇತರಿಸಿಕೊಳ್ಳಲಿಲ್ಲ.

ಆ ಸಾಲು ಸುಳ್ಳಲ್ಲ. ಆದರೆ ಅದನ್ನು ಓದಿದಾಗಲೆಲ್ಲ ಒಂದು ಪ್ರಶ್ನೆ ಉಳಿದುಕೊಳ್ಳುತ್ತದೆ. ಇದೇ ವಿದ್ಯಾರ್ಥಿ ಅದೇ ವಿಮಾನವನ್ನು ಅದೇ ರನ್‌ವೇ ಮೇಲೆ ಇನ್‌ಸ್ಟ್ರಕ್ಟರ್ ಜೊತೆ ಕೂತು ಹತ್ತಾರು ಸಲ ಇಳಿಸಿರುತ್ತಾನೆ. ಅಷ್ಟೂ ಸಲದಲ್ಲಿ ಮೂರನೆಯ ಪುಟಿತ ಒಮ್ಮೆಯೂ ಯಾಕೆ ಬರಲಿಲ್ಲ? ಒಂದನೆಯದು ಬಂದಿರುತ್ತದೆ, ಅದು ಬಾರದ ವಿದ್ಯಾರ್ಥಿಯೇ ಇಲ್ಲ. ಎರಡನೆಯದು, ಮೂರನೆಯದು ಬಾರದಂತೆ ಯಾರೋ ನೋಡಿಕೊಂಡಿದ್ದಾರೆ. ಹಾಗೆ ನೋಡಿಕೊಂಡದ್ದು ವಿದ್ಯಾರ್ಥಿಗೆ ಗೊತ್ತೇ ಆಗಿಲ್ಲ. ಅಪಘಾತದ ಬೇರು ಇರುವುದು ಅಲ್ಲೇ ಅನ್ನುವುದು ನನ್ನ ಲೆಕ್ಕ.

ಆ ಆರು ಸೆಕೆಂಡು

ತರಬೇತಿಯ ಸಣ್ಣ ವಿಮಾನ ಸೆಸ್ನಾ 172 ಎಸ್ ಮಾದರಿಯನ್ನೇ ತೆಗೆದುಕೊಳ್ಳೋಣ. ರೆಕ್ಕೆಯ ಹಿಂದಂಚಿನ ಹಲಗೆಯಾದ ಫ್ಲ್ಯಾಪ್ ಪೂರ್ತಿ 30 ಡಿಗ್ರಿ ಇಳಿಸಿದಾಗ ಅಪ್ರೋಚ್ ವೇಗ, ಅಂದರೆ ಇಳಿಯಲು ರನ್‌ವೇ ಕಡೆ ಬರುವ ವೇಗ, 60ರಿಂದ 70 ನಾಟ್ (ಒಂದು ನಾಟ್ ಗಂಟೆಗೆ ಸುಮಾರು 1.85 ಕಿ.ಮೀ.) ಎಂದು ಅದರ ಕೈಪಿಡಿ ಹೇಳುತ್ತದೆ. ವಿದ್ಯಾರ್ಥಿ ರನ್‌ವೇ ಅಂಚು ದಾಟುವಾಗ ಮುಳ್ಳು 75ರಲ್ಲಿದೆ. ಎಂಜಿನ್ ಶಕ್ತಿ ಹೊಂದಿಸುವ ಥ್ರಾಟಲ್ ಪೂರ್ತಿ ಹಿಂದಕ್ಕೆಳೆದಿದ್ದಾನೆ, ಮೂಗನ್ನು ಏರಿಳಿಸುವ ಹಿಡಿಕೆಯಾದ ಯೋಕನ್ನು ಮೆಲ್ಲಗೆ ಎಳೆದು ಫ್ಲೇರ್ ಮಾಡುತ್ತಾನೆ, ಅಂದರೆ ನೆಲ ಮುಟ್ಟುವ ಮುನ್ನ ಮೂಗೆತ್ತಿ ಇಳಿತವನ್ನು ನಿಧಾನಿಸುತ್ತಾನೆ. ವಿಮಾನ ಇಳಿಯುವುದಿಲ್ಲ. ನೆಲದಿಂದ ಒಂದು ರೆಕ್ಕೆಯಗಲದೊಳಗೆ, ಅಂದರೆ ಈ ವಿಮಾನಕ್ಕೆ ಸುಮಾರು 11 ಮೀಟರಿನೊಳಗೆ ಬಂದರೆ ಗಾಳಿಯ ಎಳೆತ ಕಡಿಮೆಯಾಗುತ್ತದೆ, ನೆಲಕ್ಕೆ ಹತ್ತಿರವಾದಷ್ಟೂ ಇನ್ನಷ್ಟು ಕಡಿಮೆಯಾಗುತ್ತದೆ. ಹೆಚ್ಚುವರಿ ವೇಗ ಕರಗುವ ತನಕ ವಿಮಾನ ತೇಲುತ್ತಲೇ ಇರುತ್ತದೆ. ರನ್‌ವೇ ಕಾಲಡಿಯಲ್ಲಿ ಓಡಿಹೋಗುತ್ತಿದೆ, ಎದುರಿನ ಅಂಚು ಹತ್ತಿರವಾಗುತ್ತಿದೆ. ಇಲ್ಲಿ ತಾಳ್ಮೆ ಸೋಲುತ್ತದೆ. ಹೇಗಾದರೂ ಇಳಿಸಿಬಿಡೋಣ ಎಂದು ಯೋಕನ್ನು ಸ್ವಲ್ಪ ಸಡಿಲ ಬಿಡುತ್ತಾನೆ.

ಮೂಗು ತಗ್ಗುತ್ತದೆ, ಮೂಗಿನ ಗಾಲಿ ಮೊದಲು ನೆಲ ಮುಟ್ಟುತ್ತದೆ. ವಿಮಾನದ ಗುರುತ್ವ ಕೇಂದ್ರ ಮುಖ್ಯ ಗಾಲಿಗಳಿಗಿಂತ ಮುಂದೆ, ಮೂಗಿನ ಗಾಲಿಗಿಂತ ಹಿಂದೆ ಇದೆ. ಮುಖ್ಯ ಗಾಲಿ ಮೊದಲು ಮುಟ್ಟಿದರೆ ಆ ಪೆಟ್ಟು ಮೂಗನ್ನು ತಾನಾಗಿ ತಗ್ಗಿಸುತ್ತದೆ. ರೆಕ್ಕೆ ಗಾಳಿಯನ್ನು ಎದುರಿಸುವ ಕೋನ ಇಳಿದು ಎತ್ತುಬಲ ಕುಸಿಯುತ್ತದೆ, ವಿಮಾನ ನೆಲಕ್ಕೆ ಕೂರುತ್ತದೆ. ಮೂಗಿನ ಗಾಲಿ ಮೊದಲು ಮುಟ್ಟಿದರೆ ಎಲ್ಲವೂ ತಿರುವುಮುರುವು. ಪೆಟ್ಟು ಮೂಗನ್ನು ಮೇಲಕ್ಕೆಸೆಯುತ್ತದೆ, ಕೋನ ಏರುತ್ತದೆ, ವೇಗವಿನ್ನೂ 60ರ ಆಚೀಚೆ ಇರುವುದರಿಂದ ರೆಕ್ಕೆ ಮತ್ತೆ ಹಾರತೊಡಗುತ್ತದೆ. ಆದ್ದರಿಂದ ಇದನ್ನು ಚೆಂಡಿನ ಪುಟಿತದಂತೆ ನೋಡಬಾರದು. ಗಾಲಿಯ ಕಾಲುಗಳು ಹಿಂದಿರುಗಿಸುವ ಶಕ್ತಿ ಸ್ವಲ್ಪವೇ, ಉಳಿದದ್ದು ರೆಕ್ಕೆಯ ಕೆಲಸ. ಪೈಲಟ್ ಕೇಳಿಕೊಳ್ಳದ ಟೇಕಾಫ್ ಅದು.

ಈಗ ವಿಮಾನ ಮೂರು ನಾಲ್ಕು ಅಡಿ ಮೇಲಿದೆ, ಮೂಗು ಆಕಾಶ ನೋಡುತ್ತಿದೆ, ಎಂಜಿನ್ ಐಡಲ್‌ನಲ್ಲಿದೆ. ಗಾಜಿನ ತುಂಬ ಆಕಾಶ ಕಂಡವನ ಕೈ ಯೋಕನ್ನು ಮುಂದಕ್ಕೆ ತಳ್ಳುತ್ತದೆ. ಇದು ಮನುಷ್ಯ ಸಹಜ, ಬೆದರಿದ ಯಾರೇ ಆದರೂ ಹಾಗೇ ಮಾಡುವುದು. ತೊಂದರೆ ಇರುವುದು ಹೊತ್ತಿನಲ್ಲಿ. ಕಣ್ಣು ಕಂಡು, ಕೈ ತಳ್ಳಿ, ಬಾಲದಲ್ಲಿರುವ ಎಲಿವೇಟರ್ ಹಲಗೆ ತಿರುಗಿ, ವಿಮಾನ ಅದಕ್ಕೆ ಓಗೊಡುವಷ್ಟರಲ್ಲಿ ವೇಗ ಇಳಿದು ವಿಮಾನ ಆಗಲೇ ಕೆಳಗಿಳಿಯುತ್ತಿರುತ್ತದೆ. ಏರುತ್ತಿದೆಯೆಂದು ತಳ್ಳಿದ್ದು ಇಳಿಯುತ್ತಿರುವಾಗ ಕೆಲಸ ಮಾಡುತ್ತದೆ. ಜೋಕಾಲಿ ಹಿಂದಿರುಗುವ ಹೊತ್ತಿಗೆ ಸರಿಯಾಗಿ ನೂಕಿದರೆ ಜೀಕು ಹೆಚ್ಚುತ್ತದಲ್ಲ, ಹಾಗೆ ಪ್ರತಿ ತಿದ್ದುಪಡಿಯೂ ಮುಂದಿನ ಪೆಟ್ಟನ್ನು ದೊಡ್ಡದು ಮಾಡುತ್ತದೆ. ಎರಡನೆಯ ಸಲ ಮೂಗಿನ ಗಾಲಿ ಇನ್ನೂ ಜೋರಾಗಿ ಬಡಿಯುತ್ತದೆ, ಮೂಗು ಇನ್ನೂ ಎತ್ತರಕ್ಕೆ ಹಾರುತ್ತದೆ, ವೇಗ 50ಕ್ಕೆ ಇಳಿದಿರುತ್ತದೆ. ಮೂರನೆಯ ಸಲಕ್ಕೆ ರೆಕ್ಕೆಯಲ್ಲಿ ಹೊತ್ತುಕೊಳ್ಳುವ ಬಲವಿಲ್ಲ.

ಇಷ್ಟೆಲ್ಲ ನಡೆಯುವಾಗ ಬಲಗೈ ಏನು ಮಾಡುತ್ತಿತ್ತು? ಥ್ರಾಟಲ್ ಮೇಲೆ ಸುಮ್ಮನೆ ಕೂತಿತ್ತು. ಮೊದಲ ಪುಟಿತದ ತುದಿಯಲ್ಲಿ ಪವರ್ ಪೂರ್ತಿ ಕೊಟ್ಟು, ಮೂಗನ್ನು ಏರುವ ಭಂಗಿಯಲ್ಲಿ ಹಿಡಿದಿದ್ದರೆ ಕಥೆ ಮುಗಿಯುತ್ತಿತ್ತು. ಆದರೆ ವಿದ್ಯಾರ್ಥಿಯ ಮನಸ್ಸಿನಲ್ಲಿ ಥ್ರಾಟಲ್‌ನ ಕೆಲಸ ಫ್ಲೇರ್‌ಗೆ ಮುಂಚೆಯೇ ಮುಗಿದಿರುತ್ತದೆ.

ಗಾಲಿಗಳು ಅಷ್ಟು ದುರ್ಬಲವೇನಲ್ಲ, ಇದನ್ನೂ ಹೇಳಬೇಕು. 65 ನಾಟ್‌ನಲ್ಲಿ ಮೂರು ಡಿಗ್ರಿ ಇಳಿಜಾರಿನಲ್ಲಿ ಬರುವ ವಿಮಾನ ನಿಮಿಷಕ್ಕೆ ಸುಮಾರು 345 ಅಡಿ ಇಳಿಯುತ್ತದೆ, ಅಂದರೆ ಸೆಕೆಂಡಿಗೆ ಆರು ಅಡಿಗೂ ಕಡಿಮೆ. ಅಮೆರಿಕದ ಸಣ್ಣ ವಿಮಾನಗಳ ವಿನ್ಯಾಸ ನಿಯಮ, ಭಾಗ 23, ಬಹುಕಾಲ ಬಳಸಿದ ಸೂತ್ರದ ಪ್ರಕಾರ ಲ್ಯಾಂಡಿಂಗ್ ಭಾರದ ಲೆಕ್ಕಕ್ಕೆ ಹಿಡಿಯುವ ಇಳಿತದ ವೇಗ ಸೆಕೆಂಡಿಗೆ 7 ಅಡಿಗಿಂತ ಕಡಿಮೆ ಇರುವಂತಿಲ್ಲ. 172ರ ತೂಕಕ್ಕೂ ರೆಕ್ಕೆಗೂ ಅದು ಎಂಟೂವರೆ ಅಡಿಯ ಸುತ್ತ ಬರುತ್ತದೆ. ಫ್ಲೇರ್ ಮಾಡಲು ಪೂರ್ತಿ ಮರೆತು ಮುಖ್ಯ ಗಾಲಿಗಳ ಮೇಲೆ ಧೊಪ್ಪೆಂದು ಕೂತರೂ ತಡೆದುಕೊಳ್ಳುವ ಶಕ್ತಿ ಅವಕ್ಕಿದೆ ಎಂದಾಯಿತು. ಪುಟಿದ ಮೇಲಿನ ಲೆಕ್ಕ ಬೇರೆ. ನಾಲ್ಕು ಅಡಿ ಎತ್ತರದಲ್ಲಿ ರೆಕ್ಕೆ ಅರ್ಧ ತೂಕವನ್ನಷ್ಟೇ ಹೊತ್ತಿದ್ದರೆ, ನೆಲಕ್ಕೆ ಬರುವಾಗ ವೇಗ ಸೆಕೆಂಡಿಗೆ 11 ಅಡಿ ದಾಟಿರುತ್ತದೆ, ಅದಕ್ಕೆ ಹಿಡಿಯುವ ಹೊತ್ತು ಮುಕ್ಕಾಲು ಸೆಕೆಂಡು ಕೂಡ ಇಲ್ಲ. ಆ ಪೆಟ್ಟನ್ನು ತಿನ್ನುವುದು ಉಕ್ಕಿನ ದಪ್ಪ ಕಾಲುಗಳಲ್ಲ, ಮುಂದಿರುವ ಸಣ್ಣ ಗಾಲಿ.

ಆ ವೇಗ ಎಲ್ಲಿಂದ ಬಂತು

75 ನಾಟ್ ಅನ್ನುವುದು 65ಕ್ಕಿಂತ ಬರೀ ಹತ್ತು ಹೆಚ್ಚು ಎಂದು ಕಾಣುತ್ತದೆ. ಚಲನ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುವುದರಿಂದ ಕರಗಿಸಬೇಕಾದ ಶಕ್ತಿ ಶೇ 33ರಷ್ಟು ಹೆಚ್ಚು. ಇದು ರನ್‌ವೇ ಮೇಲೆ ಹುಟ್ಟಿದ್ದಲ್ಲ. ರನ್‌ವೇಗೆ ಸಮಾನಾಂತರವಾಗಿ ಹಾರುವ ಡೌನ್‌ವಿಂಡ್‌ನಲ್ಲಿ ಪವರ್ ತಡವಾಗಿ ಇಳಿಸಿದ್ದು, ಅಲ್ಲಿಂದ ರನ್‌ವೇ ಕಡೆ ತಿರುಗಿದ ಬೇಸ್‌ನಲ್ಲಿ ಎತ್ತರ ಜಾಸ್ತಿ ಆಯಿತೆಂದು ಮೂಗು ತಗ್ಗಿಸಿದ್ದು, ಟ್ರಿಮ್ ಮಾಡದೆ, ಅಂದರೆ ಯೋಕ್ ತಾನಾಗಿ ನಿಲ್ಲುವಂತೆ ಹೊಂದಿಸದೆ, ಅದರ ಮೇಲೆ ಒತ್ತಡ ಹಿಡಿದುಕೊಂಡೇ ಬಂದದ್ದು ಎಲ್ಲ ಸೇರಿ ಆ ಹತ್ತು ನಾಟ್. ಸೋಲೋ ಹಾರುವವರು ಬೇಕೆಂದೇ ಸ್ವಲ್ಪ ಹೆಚ್ಚಿಟ್ಟುಕೊಳ್ಳುವುದೂ ಉಂಟು, ಸ್ಟಾಲ್ ಆಗದಿರಲಿ, ಅಂದರೆ ವೇಗ ಸಾಲದೆ ರೆಕ್ಕೆಯ ಎತ್ತುಬಲ ಕುಸಿಯದಿರಲಿ, ಎಂಬ ಭಯಕ್ಕೆ. 172 ಎಸ್‌ನಲ್ಲಿ ಫ್ಲ್ಯಾಪ್ ಇಳಿಸಿದಾಗ ಸ್ಟಾಲ್ ವೇಗ 40 ನಾಟ್. 65ರಲ್ಲೇ ಬೇಕಾದಷ್ಟು ಅಂತರವಿದೆ.

ಇನ್ನೊಂದು ಸಣ್ಣ ವಿಷಯವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಇನ್‌ಸ್ಟ್ರಕ್ಟರ್ ಇಳಿದುಹೋದಾಗ 80 ಕಿಲೋ ಇಳಿದುಹೋಗುತ್ತದೆ. 1045 ಕಿಲೋ ಇದ್ದ ವಿಮಾನ 965ಕ್ಕೆ ಬಂದರೆ ಸ್ಟಾಲ್ ವೇಗ ಸುಮಾರು ಶೇ 4 ಇಳಿಯುತ್ತದೆ, ಸರಿಯಾದ ಅಪ್ರೋಚ್ ವೇಗವೂ ಅಷ್ಟೇ ಇಳಿಯುತ್ತದೆ. ನಿನ್ನೆ 65ಕ್ಕೆ ಚೆನ್ನಾಗಿ ಕೂರುತ್ತಿದ್ದ ವಿಮಾನಕ್ಕೆ ಇವತ್ತು 62 ಸಾಕು. 65ರಲ್ಲೇ ಬಂದರೂ ತೇಲುವುದು ಹೆಚ್ಚು. ಟೇಕಾಫ್‌ನಲ್ಲಿ ವಿಮಾನ ಬೇಗ ಏಳುತ್ತದೆ ಎಂದು ಮಾತ್ರ ಹೇಳಿ ಕಳಿಸುತ್ತಾರೆ. ಇಳಿಯುವಾಗ ಏನಾಗುತ್ತದೆ ಎಂದು ಹೇಳುವವರು ಕಡಿಮೆ.

ಕಣ್ಣಿನದೂ ಪಾಲಿದೆ. ಮೂಗಿನ ಮುಂದಿನ ನೆಲವನ್ನೇ ನೋಡುತ್ತಿದ್ದರೆ ಎಲ್ಲವೂ ಮಸುಕಾಗಿ ಓಡುತ್ತದೆ, ಎತ್ತರ ಅಂದಾಜಿಗೆ ಸಿಗುವುದಿಲ್ಲ, ಕೈ ಹಠಾತ್ತನೆ ಎಳೆಯುತ್ತದೆ. ಫ್ಲೇರ್ ಶುರುವಾಗುವಾಗಲೇ ನೋಟ ರನ್‌ವೇಯ ದೂರದ ತುದಿಗೆ ಹೋಗಬೇಕು. ಅಭ್ಯಾಸದ ರನ್‌ವೇಗಿಂತ ಅಗಲವಾದದ್ದರ ಮೇಲೆ ಇಳಿಯುವಾಗ ನೆಲ ಹತ್ತಿರ ಬಂದಂತೆ ಕಂಡು ಎತ್ತರದಲ್ಲೇ ಫ್ಲೇರ್ ಆಗುತ್ತದೆ. ಕಿರಿದಾದದ್ದರ ಮೇಲೆ ಅದಕ್ಕೆ ತದ್ವಿರುದ್ಧ. ಅಡ್ಡಗಾಳಿಯ ವಿಷಯ ಬೇರೆಯೇ ಅಧ್ಯಾಯ. ಇಲ್ಲಿಗೆ ಬೇಕಾದದ್ದು ಒಂದೇ: ಪುಟಿದು ಗಾಳಿಯಲ್ಲಿರುವ ವಿಮಾನವನ್ನು ಅಡ್ಡಗಾಳಿ ಪಕ್ಕಕ್ಕೆ ಸರಿಸುತ್ತದೆ, ಸರಿಯುತ್ತಲೇ ಮತ್ತೆ ನೆಲ ಮುಟ್ಟಿದರೆ ಗಾಲಿಗೆ ಪಕ್ಕದ ಪೆಟ್ಟು. ಹಾಗಾಗಿ ಅಡ್ಡಗಾಳಿ ಇದ್ದ ದಿನ ಎರಡನೆಯ ಪುಟಿತಕ್ಕೂ ಕಾಯಬಾರದು.

ಬಲಗಡೆ ಸೀಟಿನ ಕೈ

ಒಳ್ಳೆಯ ಇನ್‌ಸ್ಟ್ರಕ್ಟರ್‌ಗಳು ಕೂರುವ ರೀತಿ ನೋಡಬೇಕು. ಎಡಗೈ ತೊಡೆಯ ಮೇಲೆ, ಥ್ರಾಟಲ್‌ಗೆ ಒಂದು ಗೇಣು ದೂರದಲ್ಲಿ. ಬಲಗೈಯ ಎರಡು ಬೆರಳು ಯೋಕಿನ ಹಿಂದೆ, ತಾಗಿಯೂ ತಾಗದಂತೆ. ಪಾದಗಳು ನೆಲದ ಮೇಲಿವೆ ಎಂದು ಕಂಡರೂ ಬೆರಳ ತುದಿ ಮೂಗನ್ನು ಎಡಬಲಕ್ಕೆ ತಿರುಗಿಸುವ ರಡ್ಡರ್ ಪೆಡಲ್‌ಗೆ ತಗುಲಿರುತ್ತದೆ. ವಿದ್ಯಾರ್ಥಿ ಯೋಕನ್ನು ಸಡಿಲ ಬಿಟ್ಟ ಕ್ಷಣ ಆ ಎರಡು ಬೆರಳು ಅದನ್ನು ಅಲ್ಲೇ ತಡೆಯುತ್ತವೆ. ತಳ್ಳಲು ಹೋದರೆ ಯೋಕ್ ಹೋಗುವುದಿಲ್ಲ. ವಿಮಾನ ಒಂದಡಿ ಪುಟಿದರೆ ಎಡಗೈ ಥ್ರಾಟಲ್‌ಗೆ ಹೋಗಿ ನೂರಿನ್ನೂರು ಆರ್‌ಪಿಎಂ (ನಿಮಿಷಕ್ಕೆ ಸುತ್ತು) ಸೇರಿಸಿ ಮತ್ತೆ ತೊಡೆಗೆ ಮರಳುತ್ತದೆ. ವಿಮಾನ ಮೆತ್ತಗೆ ಕೂರುತ್ತದೆ. ‘ಚೆನ್ನಾಗಿತ್ತು, ನೀನೇ ಇಳಿಸಿದ್ದು’ ಎನ್ನುತ್ತಾರೆ. ಪ್ರೋತ್ಸಾಹಕ್ಕೆ ಹೇಳಿದ ಮಾತು, ಆದರೆ ನಿಜವಲ್ಲ. ಅರ್ಧ ಲ್ಯಾಂಡಿಂಗ್ ವಿದ್ಯಾರ್ಥಿಯದು, ಮಿಕ್ಕರ್ಧ ಆ ಎರಡು ಬೆರಳಿನದು. ತನ್ನ ಪಾಲಿನ ಅರ್ಧಕ್ಕೆ ವಿಮಾನ ಇಷ್ಟು ಚೆನ್ನಾಗಿ ಒಗ್ಗುತ್ತದೆ ಎಂದು ವಿದ್ಯಾರ್ಥಿ ಕಲಿಯುತ್ತಾನೆ.

ಇನ್‌ಸ್ಟ್ರಕ್ಟರ್‌ಗಳನ್ನು ದೂರುವುದು ಸುಲಭ, ನ್ಯಾಯವಲ್ಲ. ವಿಮಾನ ಉಳಿಸುವುದು ಅವರ ಕೆಲಸ, ಬೆರಳು ತಡೆಯದಿದ್ದರೆ ಗಾಲಿ ಮುರಿಯುವುದು ಅವರ ಹೆಸರಿನಲ್ಲಿ. ಆದರೆ ಮುಟ್ಟಿದ್ದನ್ನು ಬಾಯಿಬಿಟ್ಟು ಹೇಳಲು ಏನೂ ಖರ್ಚಿಲ್ಲ. ‘ಇಲ್ಲಿ ನಾನು ಹಿಡಿದೆ’, ‘ಪವರ್ ನಾನು ಕೊಟ್ಟೆ’ ಎಂದು ಪ್ರತಿ ಸಲ ಹೇಳುವವರ ವಿದ್ಯಾರ್ಥಿಗಳಿಗೆ ತಮ್ಮ ಲ್ಯಾಂಡಿಂಗ್‌ನ ನಿಜ ಸ್ಥಿತಿ ಗೊತ್ತಿರುತ್ತದೆ. ಸೋಲೋಗೆ ಮುಂಚಿನ ಕೊನೆಯ ಪಾಠಗಳಲ್ಲಿ ಕೈಗಳನ್ನು ವಿದ್ಯಾರ್ಥಿಗೆ ಕಾಣುವಂತೆ ಪ್ಯಾನೆಲ್ ಮೇಲ್ಭಾಗದಲ್ಲಿ ಇಟ್ಟುಕೊಂಡು ಕೂರುವ ಇನ್‌ಸ್ಟ್ರಕ್ಟರ್‌ಗಳಿದ್ದಾರೆ. ಸೋಲೋಗೆ ಬಿಡುವ ತೀರ್ಮಾನವನ್ನು ಆ ಲ್ಯಾಂಡಿಂಗ್‌ಗಳ ಮೇಲೆ ಮಾತ್ರ ಮಾಡಬೇಕು, ಉಳಿದವನ್ನು ಎಣಿಸಬಾರದು.

ಸೋಲೋ ದಿನ ಇನ್‌ಸ್ಟ್ರಕ್ಟರ್ ರನ್‌ವೇ ಬದಿಯಲ್ಲಿ ಕೈ ರೇಡಿಯೋ ಹಿಡಿದು ನಿಂತಿರುತ್ತಾರೆ, ಅದರ ಮೇಲೆ ಎಲ್ಲರಿಗೂ ಅತಿ ಭರವಸೆ. ಮೊದಲ ಪುಟಿತ ಕಣ್ಣಿಗೆ ಬಿದ್ದು, ಗುಂಡಿ ಒತ್ತಿ, ‘ಗೋ ಅರೌಂಡ್’, ಅಂದರೆ ಇಳಿಯದೆ ಮತ್ತೆ ಮೇಲೇರು, ಎಂದು ಮುಗಿಸುವಷ್ಟರಲ್ಲಿ ಎರಡು ಸೆಕೆಂಡು ಹೋಗಿರುತ್ತದೆ. ಕೇಳಿಸಿಕೊಂಡವನ ತಲೆಗೆ ಅದು ಇಳಿಯಲು ಇನ್ನೊಂದು. ಅಷ್ಟರಲ್ಲಿ ಎರಡನೆಯ ಪೆಟ್ಟು ಆಗಿಹೋಗಿರುತ್ತದೆ. ರೇಡಿಯೋ ಉಪಯೋಗಕ್ಕೆ ಬರುವುದು ಫೈನಲ್‌ನಲ್ಲಿ, ಅಂದರೆ ರನ್‌ವೇಗೆ ನೇರವಾಗಿ ಬರುವ ಕೊನೆಯ ಹಾದಿಯಲ್ಲಿ, ವೇಗವೋ ಎತ್ತರವೋ ತಪ್ಪಿದ್ದು ನೆಲದಿಂದಲೇ ಕಾಣುವಾಗ. ಆಗ ಹೇಳಿದ ‘ಗೋ ಅರೌಂಡ್’ ವಿಮಾನ ಉಳಿಸುತ್ತದೆ.

ಹ್ಯಾಂಗರ್‌ನಲ್ಲಿ

ಮರುದಿನ ಎಂಜಿನ್‌ನ ಮುಚ್ಚಳವಾದ ಕೌಲಿಂಗ್ ಬಿಚ್ಚಿ ಟಾರ್ಚ್ ಹಿಡಿದು ಎಂಜಿನಿಯರ್ ಮೊದಲು ನೋಡುವುದು ಮುರಿದ ಗಾಲಿಯನ್ನಲ್ಲ, ಅದರ ಹಿಂದಿನ ಫೈರ್‌ವಾಲನ್ನು. ಎಂಜಿನ್‌ಗೂ ಕ್ಯಾಬಿನ್‌ಗೂ ನಡುವಿನ ತೆಳು ಹಾಳೆ ಅದು, 172ರಲ್ಲಿ ಮೂಗಿನ ಗಾಲಿಯ ಕಾಲನ್ನು ಅದಕ್ಕೇ ಕೂರಿಸಿದೆ. ಪೆಟ್ಟು ಹೀರುವ ಓಲಿಯೊ ಕಾಲು ಪೂರ್ತಿ ಒಳಗೆ ಹೋಗಿ ತಳ ಕಂಡ ಮೇಲೆ ಉಳಿದ ಪೆಟ್ಟೆಲ್ಲ ಆ ಹಾಳೆಗೆ. ಕೆಳ ಮೂಲೆಗಳಲ್ಲಿ ಸುಕ್ಕು, ರಿವೆಟ್‌ಗಳ ಸುತ್ತ ಕಪ್ಪು ಮಸಿಯಂಥ ಗೆರೆ, ಪೆಡಲ್‌ಗಳ ಬಳಿ ನೆಲದ ಹಾಳೆ ಉಬ್ಬಿರುವುದು, ಇವು ಗುರುತುಗಳು. ಫೈರ್‌ವಾಲ್ ಬದಲಿಸುವುದೆಂದರೆ ಎಂಜಿನ್ ಇಳಿಸಬೇಕು, ವಿಮಾನದ ಮುಂಭಾಗವನ್ನೇ ಬಿಚ್ಚಬೇಕು. ಬಹಳಷ್ಟು ಹಳೆಯ ತರಬೇತಿ ವಿಮಾನಗಳ ಆಯುಸ್ಸು ಈ ಹಂತದಲ್ಲಿ ಮುಗಿಯುತ್ತದೆ, ರಿಪೇರಿಯ ಖರ್ಚು ವಿಮಾನದ ಬೆಲೆಯನ್ನು ಮೀರಿದಾಗ.

ಪ್ರೊಪೆಲ್ಲರ್ ತುದಿಗೂ ನೆಲಕ್ಕೂ ಇರುವ ಜಾಗ ಒಂದಡಿಗಿಂತ ಕಡಿಮೆ. ಗಾಲಿ ಮಡಚಿದರೆ ಅಲಗುಗಳು ರನ್‌ವೇಯನ್ನು ಕೊಯ್ಯುತ್ತ ಹೋಗುತ್ತವೆ. ಆ ಕೊಯ್ತಗಳ ನಡುವಿನ ಅಂತರವನ್ನು ತನಿಖೆಯವರು ಟೇಪ್ ಹಿಡಿದು ಅಳೆಯುತ್ತಾರೆ. ಎರಡು ಅಲಗು, 1000 ಆರ್‌ಪಿಎಂ ಎಂದರೆ ಸೆಕೆಂಡಿಗೆ 33 ಹೊಡೆತ. ನೆಲದ ಮೇಲಿನ ವೇಗ 50 ನಾಟ್ ಇದ್ದರೆ ಸುಮಾರು ಎರಡೂವರೆ ಅಡಿಗೊಂದು ಗಾಯ. ಅಂತರ ಅದಕ್ಕಿಂತ ಕಿರಿದಾಗಿದ್ದರೆ ವಿಮಾನ ನಿಧಾನವಿತ್ತು ಅಥವಾ ಎಂಜಿನ್ ಜೋರಾಗಿ ತಿರುಗುತ್ತಿತ್ತು. ಕೊನೆಗಾದರೂ ಪವರ್ ಕೊಟ್ಟಿದ್ದನೋ ಇಲ್ಲವೋ ಎಂಬ ಪ್ರಶ್ನೆಗೆ ಅಲ್ಲಿ ಒಂದು ಸುಳಿವು ಸಿಗುತ್ತದೆ.

ಅಲಗು ಬಾಗಿದ್ದು ಹೊರಗೆ ಕಾಣುತ್ತದೆ, ಎಂಜಿನ್ ಒಳಗಿನದು ಕಾಣುವುದಿಲ್ಲ. ತಿರುಗುತ್ತಿರುವ ಕ್ರ್ಯಾಂಕ್‌ಶಾಫ್ಟನ್ನು ನೆಲ ಹಠಾತ್ತನೆ ತಡೆದಾಗ ಅದರ ಹಿಂದಿನ ತುದಿಯ ಗೇರ್, ಅದನ್ನು ಹಿಡಿದ ಬೋಲ್ಟ್, ಸಣ್ಣ ಡೊವೆಲ್ ಪಿನ್ನು ಪೆಟ್ಟು ತಿನ್ನುತ್ತವೆ. ಕ್ಯಾಮ್‌ಶಾಫ್ಟ್, ಮ್ಯಾಗ್ನೆಟೊ, ಆಯಿಲ್ ಪಂಪ್ ಎಲ್ಲವೂ ಆ ಗೇರ್‌ನಿಂದಲೇ ಓಡುವುದು. ಅದು ಕೈಕೊಟ್ಟರೆ ಎಂಜಿನ್ ಒಂದೇ ಸಲಕ್ಕೆ ನಿಲ್ಲುತ್ತದೆ, ಅದೂ ತಿಂಗಳುಗಳ ನಂತರ, ಬೇರೆ ಯಾರೋ ಹಾರಿಸುತ್ತಿರುವಾಗ. ಅದಕ್ಕಾಗಿಯೇ ಪ್ರೊಪೆಲ್ಲರ್ ನೆಲಕ್ಕೆ ತಾಗಿದ ಲೈಕಮಿಂಗ್ ಎಂಜಿನ್‌ಗಳಲ್ಲಿ ಈ ಭಾಗಗಳ ತಪಾಸಣೆಯನ್ನು ಅಮೆರಿಕದ ವಾಯುಯಾನ ಪ್ರಾಧಿಕಾರ 2004ರ ಆದೇಶದಲ್ಲಿ ಕಡ್ಡಾಯ ಮಾಡಿತು. ತಯಾರಕರೂ ಎಂಜಿನ್ ಪೂರ್ತಿ ಬಿಚ್ಚಿ ನೋಡಿ ಎಂದೇ ಹೇಳುತ್ತಾರೆ.

ವಿಚಿತ್ರವೆಂದರೆ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ 13ನೇ ಅನುಬಂಧದ ಪ್ರಕಾರ, ಯಾರಿಗೂ ಗಾಯವಾಗದೆ ಹಾನಿ ಪ್ರೊಪೆಲ್ಲರ್, ಟೈರ್, ರೆಕ್ಕೆ ತುದಿ, ಒಂದು ಎಂಜಿನ್ ಇಷ್ಟಕ್ಕೇ ನಿಂತರೆ ಅದು ಅಪಘಾತವೇ ಅಲ್ಲ. ಫೈರ್‌ವಾಲ್ ಸುಕ್ಕಾಗಿ ವಿಮಾನದ ಕಟ್ಟಿನ ಬಲ ಕುಂದಿದರೆ ಅಪಘಾತ. ಗಾಲಿ ಮುರಿಯದೆ ಬರೀ ಸುಕ್ಕಾದ ಫೈರ್‌ವಾಲ್ ಇನ್ನೂ ಕೆಟ್ಟದ್ದು, ಯಾಕೆಂದರೆ ವಿಮಾನ ತನ್ನ ಗಾಲಿಗಳ ಮೇಲೇ ಪಾರ್ಕಿಂಗ್‌ಗೆ ಬರುತ್ತದೆ. ಎರಡು ಸಲ ಜೋರಾಗಿ ಪುಟಿದು ಹೇಗೋ ಇಳಿಸಿದ ವಿದ್ಯಾರ್ಥಿ ಬೈಗುಳಕ್ಕೆ ಹೆದರಿ ವಿಮಾನದ ದೋಷಗಳನ್ನು ಬರೆದಿಡುವ ಟೆಕ್ ಲಾಗ್‌ನಲ್ಲಿ ಬರೆಯದೆ ಹೋದರೆ, ಮುಂದೆ ಹಾರುವವನ ಪಾಲಿಗೆ ಅರ್ಧ ಮುರಿದ ವಿಮಾನ. ಹಾರ್ಡ್ ಲ್ಯಾಂಡಿಂಗ್ ಬರೆದವರನ್ನು ಗದರಿಸುವ ಶಾಲೆ ಆ ಸುಕ್ಕುಗಳನ್ನು ತಾನೇ ಬೆಳೆಸುತ್ತಿದೆ.

ಪುಟಿತವನ್ನೇ ಕಲಿಸುವುದು

ಸ್ಟಾಲನ್ನು ಬೇಕೆಂದೇ ಮಾಡಿಸಿ ಕಲಿಸುತ್ತಾರೆ, ಎಂಜಿನ್ ಕೈಕೊಟ್ಟಂತೆ ನಟಿಸಿ ಕಲಿಸುತ್ತಾರೆ. ಪುಟಿತವನ್ನು ಮಾತ್ರ ಬಂದಾಗ ನೋಡಿಕೊಳ್ಳೋಣ ಎಂದು ಬಿಡುತ್ತಾರೆ. ಇನ್‌ಸ್ಟ್ರಕ್ಟರ್ ತಾನೇ ಮುಖ್ಯ ಗಾಲಿಗಳ ಮೇಲೆ ಒಂದು ಸಣ್ಣ ಪುಟಿತ ಮಾಡಿ ತೋರಿಸಬಹುದು, ವಿದ್ಯಾರ್ಥಿಯ ಕೈ ಯೋಕ್ ಮೇಲಿರುವಾಗ. ಒಂದೆರಡು ಅಡಿ ಪುಟಿದರೆ ತಳ್ಳಬಾರದು, ಎಳೆಯಲೂಬಾರದು: ಮೂಗನ್ನು ಇಳಿಯುವ ಭಂಗಿಯಲ್ಲೇ ಹಿಡಿದು, ಸ್ವಲ್ಪ ಪವರ್ ಸೇರಿಸಿ, ವಿಮಾನ ಮತ್ತೆ ಮುಖ್ಯ ಗಾಲಿಗಳ ಮೇಲೆ ಕೂರುವ ತನಕ ಕಾಯುವುದು. ಅದಕ್ಕಿಂತ ಎತ್ತರ ಹೋದರೆ, ಅಥವಾ ಮೂಗಿನ ಗಾಲಿ ಮೊದಲು ತಾಗಿದ್ದರೆ, ಸೀದಾ ಗೋ ಅರೌಂಡ್. ಪುಟಿತ ಸಣ್ಣದೋ ದೊಡ್ಡದೋ ಎಂದು ಯೋಚಿಸಬೇಕಾಗಿ ಬಂದರೆ ಅದು ದೊಡ್ಡದು.

ಗೋ ಅರೌಂಡ್ ಕೂಡ ಸುಮ್ಮನೆ ಆಗುವಂಥದ್ದಲ್ಲ. 172 ಎಸ್‌ನಲ್ಲಿ ಥ್ರಾಟಲ್ ಪೂರ್ತಿ ಮುಂದಕ್ಕೆ, ಫ್ಲ್ಯಾಪ್ 20 ಡಿಗ್ರಿಗೆ, ವೇಗ 60 ನಾಟ್; ಅಡೆತಡೆ ದಾಟುವ ತನಕ 10 ಡಿಗ್ರಿ, ಎತ್ತರವೂ 65 ನಾಟ್ ವೇಗವೂ ಸಿಕ್ಕ ಮೇಲೆ ಪೂರ್ತಿ ಒಳಗೆ. ಕಾರ್ಬ್ಯುರೇಟರ್ ಇರುವ ಹಳೆಯ ಮಾದರಿಗಳಲ್ಲಿ ಕಾರ್ಬ್ ಹೀಟ್ (ಕಾರ್ಬ್ಯುರೇಟರ್‌ಗೆ ಬಿಸಿಗಾಳಿ ಕೊಡುವ ವ್ಯವಸ್ಥೆ) ಮುಚ್ಚುವುದು ಮರೆಯಬಾರದು. ಇಳಿಯಲೆಂದು ಟ್ರಿಮ್ ಮಾಡಿಟ್ಟ ವಿಮಾನಕ್ಕೆ ಪೂರ್ತಿ ಪವರ್ ಬಿದ್ದೊಡನೆ ಮೂಗು ಜೋರಾಗಿ ಮೇಲೇಳುತ್ತದೆ, ಎಡಕ್ಕೂ ತಿರುಗುತ್ತದೆ. ಯೋಕ್ ಮೇಲೆ ಮುಂದಕ್ಕೆ ಗಟ್ಟಿ ಒತ್ತಡ, ಬಲಗಾಲಿನ ರಡ್ಡರ್ ಎರಡೂ ಆಗಲೇ ಬೇಕು. ಫ್ಲ್ಯಾಪ್ ಒಮ್ಮೆಗೇ ಪೂರ್ತಿ ಎತ್ತಿದರೆ ವಿಮಾನ ನೆಲಕ್ಕೆ ಕುಸಿಯುತ್ತದೆ. ಪುಟಿತದಿಂದ ಬಚಾವಾದವರು ಕೆಲವೊಮ್ಮೆ ಇಲ್ಲಿ ಸಿಕ್ಕಿಬೀಳುತ್ತಾರೆ, ಎಡಕ್ಕೆ ತಿರುಗಿ ರನ್‌ವೇ ಬಿಟ್ಟು ಹೋಗುವವರು ಇವರೇ. ಆದ್ದರಿಂದ 500 ಅಡಿಯಲ್ಲಿ ಮಾಡಿಸಿದ ಗೋ ಅರೌಂಡ್‌ಗೆ ಅಂಥ ಬೆಲೆಯಿಲ್ಲ. ಮುನ್ಸೂಚನೆ ಕೊಡದೆ ಫ್ಲೇರ್ ನಡುವೆಯೇ ಮಾಡಿಸಬೇಕು, ಪ್ರತಿ ಪಾಠದಲ್ಲೂ ಒಂದಾದರೂ.

ರನ್‌ವೇ ಉದ್ದವಿದ್ದಲ್ಲಿ ಇನ್ನೊಂದು ಅಭ್ಯಾಸ ಬಹಳ ಕೆಲಸಕ್ಕೆ ಬರುತ್ತದೆ. ಸ್ವಲ್ಪ ಪವರ್ ಇಟ್ಟುಕೊಂಡು, ಗಾಲಿ ತಾಗಿಸದೆ, ನಾಲ್ಕೈದು ಅಡಿ ಎತ್ತರದಲ್ಲಿ ರನ್‌ವೇಯ ನಡುಗೆರೆಯ ಮೇಲೆ ಹಾರಿಸಿಕೊಂಡು ಹೋಗುವುದು, ಕೊನೆಯಲ್ಲಿ ಗೋ ಅರೌಂಡ್. ಮಾಮೂಲಿ ಲ್ಯಾಂಡಿಂಗ್‌ನಲ್ಲಿ ಈ ಎತ್ತರ ಕಣ್ಣಿಗೆ ಸಿಗುವುದು ಕೆಲವೇ ಸೆಕೆಂಡು, ಇಲ್ಲಿ ಅರ್ಧ ನಿಮಿಷದಷ್ಟು ಸಿಗುತ್ತದೆ. ಮೊದಮೊದಲು ವಿಮಾನ ಏರುಪೇರಾಗುತ್ತದೆ, ಕೈ ಹೆಚ್ಚು ತಿದ್ದುತ್ತದೆ, ಆ ತಿದ್ದುಪಡಿ ತಡವಾಗಿ ಬರುವುದು ವಿದ್ಯಾರ್ಥಿಗೇ ಗೊತ್ತಾಗತೊಡಗುತ್ತದೆ. ಕೈ ಸುಮ್ಮನಾದ ಮೇಲೆ, ಮುಂದೆ ಇನ್ನೂ ಸಾಕಷ್ಟು ರನ್‌ವೇ ಇರುವಾಗ, ಪವರ್ ಮೆಲ್ಲಗೆ ಕಳೆಯಲು ಹೇಳಬೇಕು. ಮೂಗು ಇದ್ದಲ್ಲೇ ಇರುವಂತೆ ಯೋಕ್ ಹಿಂದಕ್ಕೆ ಬರುತ್ತ ಹೋದರೆ ಮುಖ್ಯ ಗಾಲಿಗಳು ತಾವಾಗಿ ನೆಲ ಮುಟ್ಟುತ್ತವೆ. ಮುಟ್ಟಿದ ಮೇಲೂ ಯೋಕ್ ಹಿಂದೆಯೇ ಇರಬೇಕು, ಮೂಗಿನ ಗಾಲಿ ತಾನೇ ಕೆಳಗೆ ಬರುವ ತನಕ. ಬ್ರೇಕ್ ಅದಾದ ಮೇಲೆ.